ಬಂಕರ್‌ನ ಗುಟ್ಟು ಅದರ ತೂತುಗಳಲ್ಲಿದೆ

ಬಂಕರ್ ಅಂದ ಕೂಡಲೇ ಎಲ್ಲರೂ ಕೇಳುವುದು ಗೋಡೆಯ ದಪ್ಪ. ಎರಡು ಮೀಟರಾ, ಮೂರು ಮೀಟರಾ? ನಾನೂ ತುಂಬಾ ದಿನ ಅದನ್ನೇ ಹುಡುಕಿ ಹುಡುಕಿ ಓದುತ್ತಿದ್ದೆ. ಓದುತ್ತಾ ಹೋದ ಹಾಗೆ ಬೇರೆ ಒಂದು ವಿಷಯ ಕಣ್ಣಿಗೆ ಬೀಳತೊಡಗಿತು. ಗೋಡೆಗೆ ಸಿಮೆಂಟು, ಕಬ್ಬಿಣ, ಆಳು ಜಾಸ್ತಿ ಬೇಕು, ಅಷ್ಟೇ. ಕಟ್ಟುವವರ ನಿದ್ದೆ ಕೆಡಿಸುವುದು ಆ ಗೋಡೆಯಲ್ಲಿ ಬಿಡಲೇಬೇಕಾದ ತೂತುಗಳು. ಮನುಷ್ಯ ಒಳಗೆ ಬರಬೇಕು. ಗಾಳಿ ಬರಬೇಕು. ಬಂದೂಕಿನ ನಳಿಗೆ ಹೊರಗೆ ಚಾಚಬೇಕು. ಬಾಗಿಲು ಕುಸಿದು ಮುಚ್ಚಿಹೋದರೆ ಹೊರಬೀಳಲು ಇನ್ನೊಂದು ದಾರಿ ಬೇಕು. ಒಳಗಿದ್ದವರು ಬದುಕುತ್ತಾರೋ ಇಲ್ಲವೋ ಅನ್ನುವುದು ಎಷ್ಟೋ ಸಲ ಈ ತೂತುಗಳಲ್ಲೇ ತೀರ್ಮಾನವಾಗಿದೆ.

ಆದರೂ ಗೋಡೆಯ ಮಾತು ಮೊದಲು ಮುಗಿಸಿಬಿಡೋಣ. ಕಾಂಕ್ರೀಟನ್ನು ಎಷ್ಟು ಅಮುಕಿದರೂ ತಡೆದುಕೊಳ್ಳುತ್ತದೆ. ಎಳೆದರೆ ಮಾತ್ರ ಬೇಗ ಬಿರುಕು ಬಿಡುತ್ತದೆ. ಅದಕ್ಕೇ ಒಳಗೆ ಉಕ್ಕಿನ ಕಂಬಿ ಹಾಕುವುದು. ಬಾಂಬ್ ಹೊರಗೆ ಸಿಡಿದಾಗ ಒಂದು ಆಘಾತದ ಅಲೆ ಗೋಡೆಯೊಳಗೆ ಓಡುತ್ತದೆ. ಓಡುವಾಗ ಅದು ಕಾಂಕ್ರೀಟನ್ನು ಅಮುಕುತ್ತದೆ, ಅಲ್ಲಿಯವರೆಗೆ ತೊಂದರೆ ಇಲ್ಲ. ಗೋಡೆಯ ಒಳಮೈ ಮುಟ್ಟಿದಾಗ ಅಲೆ ತಿರುಗಿ ವಾಪಸ್ ಬರುತ್ತದೆ. ಹೀಗೆ ತಿರುಗಿದ ಅಲೆ ಅಮುಕುವುದಿಲ್ಲ, ಎಳೆಯುತ್ತದೆ. ಆಗ ಗೋಡೆ ತೂತಾಗದಿದ್ದರೂ ಒಳಗಡೆಯಿಂದ ಕಾಂಕ್ರೀಟಿನ ಚಕ್ಕೆಗಳು ಗುಂಡಿನಂತೆ ಸಿಡಿಯುತ್ತವೆ. ಹೊರಗಿನಿಂದ ನೋಡಿದರೆ ಬಂಕರ್ ಗಟ್ಟಿಯಾಗಿ ನಿಂತಿರುತ್ತದೆ, ಒಳಗಿದ್ದವರು ಸತ್ತಿರುತ್ತಾರೆ. ಎರಡನೇ ಮಹಾಯುದ್ಧದ ಎಷ್ಟೋ ಬಂಕರ್‌ಗಳ ಒಳಛಾವಣಿಗೆ ಉಕ್ಕಿನ ತಗಡು ಹೊದಿಸಿರುವುದು ಆ ಚಕ್ಕೆಗಳನ್ನು ಹಿಡಿದಿಡಲು.

ನಾರ್ವೆಯಿಂದ ಸ್ಪೇನ್ ಗಡಿಯವರೆಗೆ ಜರ್ಮನರು 1942ರಿಂದ 1944ರ ನಡುವೆ ಕಟ್ಟಿದ ಅಟ್ಲಾಂಟಿಕ್ ಗೋಡೆ ಎಂಬ ಕರಾವಳಿ ರಕ್ಷಣೆಯ ಸಾಲಿನಲ್ಲಿ ಬಂಕರ್‌ಗಳಿಗೆ ಸಿದ್ಧ ನಕ್ಷೆಗಳಿದ್ದವು. ಸಾಮಾನ್ಯ ಬಂಕರ್‌ಗೆ ಎರಡು ಮೀಟರ್ ದಪ್ಪ. ತುಂಬಾ ಮುಖ್ಯವಾದದ್ದಕ್ಕೆ ಮೂರೂವರೆ. ಆ ನಕ್ಷೆಗಳಲ್ಲಿ ಬುದ್ಧಿವಂತಿಕೆ ಕಾಣುವುದು ತೂತುಗಳ ಸುತ್ತ. ಗುಂಡು ಹಾರಿಸುವ ಕಂಡಿಯ ಅಂಚು ನುಣ್ಣಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ನುಣ್ಣಗೆ ಇಳಿಜಾರಾಗಿದ್ದರೆ ಹೊರಗಿಂದ ಬಂದ ಗುಂಡು ಜಾರಿ ಒಳಗೇ ಬರುತ್ತದೆ. ಆಲಿಕೆಯಲ್ಲಿ ನೀರು ಇಳಿದ ಹಾಗೆ. ಮೆಟ್ಟಿಲಿದ್ದರೆ ಅಲ್ಲೇ ಬಡಿದು ನಿಲ್ಲುತ್ತದೆ. ಬಾಗಿಲಿಗೆ ಹೋಗುವ ದಾರಿ ನೇರವಾಗಿರುವುದಿಲ್ಲ, ಒಂದು ಕಡೆ ತಿರುಗುತ್ತದೆ. ಸ್ಫೋಟದ ಗಾಳಿ ಆ ತಿರುವಿನಲ್ಲಿ ಜೋರು ಕಳೆದುಕೊಳ್ಳುತ್ತದೆ. ಬಾಗಿಲಿನ ಎದುರಿಗೇ ಒಳಗೋಡೆಯಲ್ಲಿ ಇನ್ನೊಂದು ಸಣ್ಣ ಕಂಡಿ, ನುಗ್ಗಿ ಬಂದವನಿಗೆ ಗುಂಡಿಡಲು. ಸ್ಫೋಟ ತಡೆಯುವ ದಪ್ಪ ಬಾಗಿಲುಗಳು ಸಾಮಾನ್ಯವಾಗಿ ಹೊರಕ್ಕೆ ತೆರೆಯುತ್ತವೆ. ಹೊರಗಿನ ಒತ್ತಡ ಬಾಗಿಲನ್ನು ಚೌಕಟ್ಟಿಗೆ ಇನ್ನೂ ಬಿಗಿಯಾಗಿ ಒತ್ತಲಿ ಅಂತ.

ನನಗೆ ತುಂಬಾ ಹಿಡಿಸಿದ್ದು ತುರ್ತು ದಾರಿ. ಒಳಗೋಡೆಯಲ್ಲಿ ಮೊಣಕಾಲೂರಿ ತೂರುವಷ್ಟು ಸಣ್ಣ ಬಾಗಿಲು. ಅದರಾಚೆ ನೆಲದ ಮಟ್ಟದವರೆಗೆ ಏರುವ ಬಾವಿಯಂಥ ಒಂದು ಕೊಳವೆ, ತುಂಬಾ ಮರಳು. ಹೊರಗಿನಿಂದ ಯಾರಿಗೂ ಅಲ್ಲಿ ದಾರಿ ಇದೆ ಅಂತ ಗೊತ್ತಾಗುವುದಿಲ್ಲ, ಬಾಂಬ್ ಬಿದ್ದರೆ ಮರಳೇ ಏಟು ನುಂಗುತ್ತದೆ. ಬೇಕಾದಾಗ ಒಳಗಿನಿಂದ ಬಾಗಿಲು ತೆಗೆದರೆ ಮರಳು ಕೋಣೆಯೊಳಗೆ ಸುರಿದು ಕೊಳವೆ ಖಾಲಿಯಾಗುತ್ತದೆ. ಗೋಡೆಯಲ್ಲಿನ ಕಬ್ಬಿಣದ ಹಿಡಿಕೆ ಹಿಡಿದು ಹತ್ತಿ ಹೋಗುವುದು. ಮುಚ್ಚಿಯೂ ಇರಬೇಕು, ತೆರೆಯಲೂ ಬರಬೇಕು ಅನ್ನುವುದಕ್ಕೆ ಇಷ್ಟು ಸರಳ ಉತ್ತರ!

ಹೊರಬರುವ ದಾರಿ ಎಷ್ಟು ಮುಖ್ಯ ಅಂತ ಅವರು ಹಿಂದಿನ ಯುದ್ಧದಲ್ಲೇ ಕಲಿತಿದ್ದರು. ಫ್ರಾನ್ಸಿನ ಸೊಮ್‌ನಲ್ಲಿ 1916ರ ಜೂನ್ 24ರಿಂದ ಒಂದು ವಾರ ಬ್ರಿಟಿಷ್ ಫಿರಂಗಿಗಳು ಸುಮಾರು 15 ಲಕ್ಷ ಗುಂಡು ಸುರಿಸಿದವು. ಜರ್ಮನ್ ಸೈನಿಕರು ಸುಣ್ಣದ ಕಲ್ಲಿನ ನೆಲದಲ್ಲಿ ಹತ್ತು ಮೀಟರಿನಷ್ಟು ಆಳದಲ್ಲಿ ಕೊರೆದ ನೆಲಮಾಳಿಗೆಗಳಲ್ಲಿದ್ದರು. ಒಂದು ಬಾಯಿ ಮುಚ್ಚಿಹೋದರೆ ಇರಲಿ ಅಂತ ಎರಡು ಮೂರು ಬಾಯಿಗಳು. ಜುಲೈ 1ರ ಬೆಳಿಗ್ಗೆ ಫಿರಂಗಿ ನಿಂತ ಕೂಡಲೇ ಮೆಷಿನ್ ಗನ್ ಹೊತ್ತು ಮೆಟ್ಟಿಲು ಹತ್ತಿ ಓಡಿದರು. ಬ್ರಿಟಿಷ್ ಸೈನಿಕರು ಕಂದಕದ ಹತ್ತಿರ ಬರುವ ಮೊದಲೇ ಇವರು ಮೇಲೆ ಬಂದು ಕೂತಾಗಿತ್ತು. ಆ ಒಂದೇ ದಿನ ಬ್ರಿಟಿಷ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470.

ಈಗ ಗಾಳಿಯ ವಿಷಯ. ಹತ್ತು ಚದರ ಮೀಟರಿನ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ ಹತ್ತು ಜನ ಬಾಗಿಲು ಹಾಕಿಕೊಂಡು ಕೂತಿದ್ದಾರೆ ಅನ್ನಿ. ಕೋಣೆಯಲ್ಲಿರುವ ಗಾಳಿ 25,000 ಲೀಟರ್. ಸುಮ್ನೆ ಕೂತ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹತ್ತು ಜನಕ್ಕೆ 200 ಲೀಟರ್. ಗಂಟೆಗೆ ಶೇಕಡಾ 0.8ರಷ್ಟು ಏರಿಕೆ. ನಾಲ್ಕು ಗಂಟೆಯಲ್ಲಿ ಅದು ಶೇಕಡಾ 3 ದಾಟುತ್ತದೆ. ತಲೆ ಸಿಡಿಯುತ್ತದೆ, ಏದುಸಿರು ಬರುತ್ತದೆ, ಗಾಬರಿ ಶುರುವಾಗುತ್ತದೆ. ಆ ಹೊತ್ತಿಗೂ ಆಮ್ಲಜನಕ ಶೇಕಡಾ 17ರ ಹತ್ತಿರ ಇರುತ್ತದೆ, ಅದು ಸಾಯುವ ಮಟ್ಟವಲ್ಲ. ಆಮ್ಲಜನಕ ತೀರುವುದಕ್ಕಿಂತ ಮೊದಲೇ ನಮ್ಮದೇ ಉಸಿರು ನಮ್ಮನ್ನು ಹೈರಾಣು ಮಾಡುತ್ತದೆ. ಜೊತೆಗೆ ಶಾಖ. ಒಬ್ಬೊಬ್ಬರ ಮೈಯಿಂದ ಸುಮಾರು 100 ವ್ಯಾಟ್. ಅಂದರೆ ಆ ಸಣ್ಣ ಕೋಣೆಯಲ್ಲಿ 1,000 ವ್ಯಾಟಿನ ಹೀಟರ್ ಹಚ್ಚಿಟ್ಟ ಹಾಗೆ. ಎರಡನೇ ಮಹಾಯುದ್ಧದಲ್ಲಿ ಬರ್ಲಿನ್‌ನ ಆಸರೆ ಕೋಣೆಗಳಲ್ಲಿ ಬೇರೆ ಬೇರೆ ಎತ್ತರದಲ್ಲಿ ಮೊಂಬತ್ತಿ ಹಚ್ಚಿಡುತ್ತಿದ್ದರು. ನೆಲದ ಮೇಲಿನದು ಆರಿದರೆ ಮಕ್ಕಳನ್ನು ಎತ್ತಿಕೊಳ್ಳಬೇಕು. ಮೇಲಿನದೂ ಆರತೊಡಗಿದರೆ, ಹೊರಗೆ ಬಾಂಬ್ ಬೀಳುತ್ತಿದ್ದರೂ ಸರಿ, ಹೊರಡಬೇಕು. ಮಗುವನ್ನು ಹೆಗಲಿಗೇರಿಸಿ ಆ ಮೊಂಬತ್ತಿಯನ್ನೇ ನೋಡುತ್ತಾ ನಿಂತ ತಾಯಂದಿರ ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಅದಕ್ಕೇ ಒಳ್ಳೆಯ ಬಂಕರ್‌ಗಳಲ್ಲಿ ಗೋಡೆಗೆ ಕೂರಿಸಿದ ಗಾಳಿಯಂತ್ರ ಇರುತ್ತದೆ. ಕರೆಂಟು ಹೋದರೆ ಕೈಯಲ್ಲೇ ತಿರುಗಿಸಲು ಹಿಡಿಕೆ. ಹೊರಗಿನ ಗಾಳಿಯನ್ನು ಸೋಸಿ ಒಳಗೆ ತುಂಬುತ್ತಾ ಹೋದರೆ ಒಳಗಿನ ಒತ್ತಡ ಸ್ವಲ್ಪ ಜಾಸ್ತಿಯಾಗುತ್ತದೆ. ಆಗ ಬಿರುಕುಗಳಿದ್ದರೂ ಗಾಳಿ ಒಳಗಿನಿಂದ ಹೊರಗೆ ಹೋಗುತ್ತದೆ, ವಿಷಾನಿಲ ಒಳಗೆ ನುಸುಳುವುದಿಲ್ಲ. ಊರಿಗೇ ಬೆಂಕಿ ಬಿದ್ದಾಗ ಮಾತ್ರ ಗಾಳಿಯ ದಾರಿಯೇ ಸಾವಿನ ದಾರಿಯಾಗಬಹುದು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ಉರಿದಾಗ ನೆಲಮಾಳಿಗೆಗಳಲ್ಲಿ ಆಸರೆ ಪಡೆದಿದ್ದ ಸಾವಿರಾರು ಜನ ಕಾರ್ಬನ್ ಮೊನಾಕ್ಸೈಡಿನಿಂದ, ಶಾಖದಿಂದ ಸತ್ತರು. ಹಲವರ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಗೋಡೆ ದಪ್ಪವಾದಂತೆ ಬಾಂಬೂ ದೊಡ್ಡದಾಯಿತು. ಬ್ರಿಟನ್ನಿನ ಟಾಲ್‌ಬಾಯ್ ಸುಮಾರು 5.4 ಟನ್, ಗ್ರ್ಯಾಂಡ್ ಸ್ಲ್ಯಾಮ್ ಸುಮಾರು 10 ಟನ್. ಬ್ರೆಮೆನ್ ಹತ್ತಿರದ ಫಾರ್ಗೆಯಲ್ಲಿ ಜಲಾಂತರ್ಗಾಮಿ ತಯಾರಿಸಲು ‘ವ್ಯಾಲೆಂಟಿನ್’ ಎಂಬ ದೈತ್ಯ ಬಂಕರ್ ಕಟ್ಟುತ್ತಿದ್ದರು. 1945ರ ಮಾರ್ಚ್ 27ರಂದು ಗ್ರ್ಯಾಂಡ್ ಸ್ಲ್ಯಾಮ್‌ಗಳು ಅದರ 4.5 ಮೀಟರ್ ದಪ್ಪದ ಛಾವಣಿಯನ್ನೂ ಒಡೆದವು. ಅಲ್ಲಿಂದ ಒಂದು ಜಲಾಂತರ್ಗಾಮಿಯೂ ಹೊರಬರಲಿಲ್ಲ. ಅದನ್ನು ಕಟ್ಟಲು ಸಾವಿರಾರು ಕೈದಿಗಳನ್ನು, ಬಲವಂತದ ಕೂಲಿಗಳನ್ನು ದುಡಿಸಿದರು. ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಬಂಕರ್‌ಗಳನ್ನು ಎಂಜಿನಿಯರಿಂಗ್ ಸಾಹಸ ಅಂತ ಹೊಗಳುವ ಲೇಖನ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಸಿಮೆಂಟು ಮೂಟೆ ಹೊತ್ತವರ ಹೆಸರೂ ಅಲ್ಲಿ ಬರಬೇಕು, ಅಲ್ವಾ? 2015ರಿಂದ ವ್ಯಾಲೆಂಟಿನ್ ಒಂದು ಸ್ಮಾರಕ. ಅಲ್ಲಿ ಅವರ ಕಥೆ ಹೇಳುತ್ತಾರೆ.

ಇನ್ನೂ ಹತ್ತಿರದ ಕಾಲದ ಒಂದು ಘಟನೆ ಬರೆಯದೆ ಇರಲಾರೆ. 1991ರ ಫೆಬ್ರವರಿ 13ರ ಮುಂಜಾವು, ಬಾಗ್ದಾದಿನ ಅಮೀರಿಯಾ ಆಸರೆ ಕಟ್ಟಡ. ಅದು ಸೇನೆಯ ನಿಯಂತ್ರಣ ಕೇಂದ್ರ ಅಂತ ಅಮೆರಿಕ ಹೇಳಿತು. ಒಳಗೆ ಮಲಗಿದ್ದವರು ಮನೆಮಂದಿ. ಲೇಸರ್ ತೋರಿಸಿದ ಗುರಿಗೆ ಅಮೆರಿಕದ ಎರಡು ಬಾಂಬ್ ಬಿದ್ದವು. ಮೊದಲನೆಯದು ಛಾವಣಿಯಲ್ಲಿ ತೂತು ಮಾಡಿತು, ಎರಡನೆಯದು ಆ ತೂತಿನಲ್ಲೇ ಇಳಿಯಿತು. 400ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟವನ್ನು ಹೊರಗಿಡಲು ಕಟ್ಟಿದ ಗೋಡೆ, ಒಳಗೇ ಆದ ಸ್ಫೋಟವನ್ನು ಒಳಗೇ ಹಿಡಿದಿಟ್ಟಿತು.

ಯುದ್ಧ ಮುಗಿದ ಮೇಲೆ ಇವನ್ನೆಲ್ಲ ಒಡೆದುಹಾಕಬಹುದಿತ್ತಲ್ಲ ಅನ್ನಿಸಬಹುದು. ಬರ್ಲಿನ್ ಮೃಗಾಲಯದ ಪಕ್ಕದಲ್ಲಿದ್ದ, ಮೇಲೆ ಫಿರಂಗಿ, ಒಳಗೆ ಆಸರೆ ಇದ್ದ ಕಾಂಕ್ರೀಟಿನ ವಿಮಾನ ನಿರೋಧಕ ಗೋಪುರವನ್ನು ಬ್ರಿಟಿಷ್ ಎಂಜಿನಿಯರುಗಳು 1947ರಲ್ಲಿ ಸ್ಫೋಟಿಸಲು ನೋಡಿ ಸೋತರು. ಕಾಂಕ್ರೀಟಿನೊಳಗೇ ತೂತು ಕೊರೆದು ಸ್ಫೋಟಕ ತುಂಬಿದ ಮೇಲೆ, 1948ರಲ್ಲಿ, ಅದು ಉರುಳಿತು. ಊರ ನಡುವೆ ಮನೆಗಳಿದ್ದ ಕಡೆ ಅಂಥ ಸ್ಫೋಟ ಮಾಡುವಂತಿಲ್ಲ. ಹಾಗಾಗಿ ವಿಯೆನ್ನಾದ ಅಂಥ ಆರೂ ಗೋಪುರಗಳು ಇವತ್ತಿಗೂ ನಿಂತಿವೆ. ಒಂದರಲ್ಲಿ ಮೀನುಗಳ ಅಕ್ವೇರಿಯಂ ಇದೆ. ಹ್ಯಾಂಬರ್ಗಿನ ಒಂದು ಗೋಪುರದೊಳಗೆ ಈಗ 20 ಲಕ್ಷ ಲೀಟರ್ ಬಿಸಿನೀರಿನ ತೊಟ್ಟಿ ಇದ್ದು ಸುತ್ತಲಿನ ಮನೆಗಳಿಗೆ ಶಾಖ ಕೊಡುತ್ತದೆ. ಅಷ್ಟು ಭಾರ ಹೊರುವ ಕಟ್ಟಡ ಹೊಸದಾಗಿ ಕಟ್ಟಬೇಕೆಂದರೆ ಸುಮ್ನೆ ಆಗುವ ಕೆಲಸವಲ್ಲ.

ಬರ್ಲಿನ್‌ನ ಇನ್ನೊಂದು ಬಂಕರ್ 1943ರಲ್ಲಿ ರೈಲು ಪ್ರಯಾಣಿಕರ ಆಸರೆಯಾಗಿತ್ತು. ಆಮೇಲೆ ಸೋವಿಯತ್ ಸೇನೆಯ ಜೈಲು. ಆಮೇಲೆ ಹಣ್ಣಿನ ಉಗ್ರಾಣ. ಕಿಟಕಿ ಇಲ್ಲದ, ಸದಾ ತಂಪಾದ ಆ ಕೋಣೆಗಳಲ್ಲಿ ಬಾಳೆಹಣ್ಣು ಇಡುತ್ತಿದ್ದುದರಿಂದ ಜನ ಅದನ್ನು ಬಾಳೆಹಣ್ಣಿನ ಬಂಕರ್ ಅಂತಲೇ ಕರೆದರು. 1990ರ ದಶಕದಲ್ಲಿ ಅದು ಟೆಕ್ನೋ ಸಂಗೀತದ ಕ್ಲಬ್. 2008ರಿಂದ ಕಲಾ ಸಂಗ್ರಹಾಲಯ. ಹೆಲ್ಸಿಂಕಿಯಲ್ಲಿ ಬಂಡೆಯೊಳಗೆ ಕೊರೆದ ಇಟಾಕೆಸ್ಕುಸ್ ಈಜುಕೊಳದಲ್ಲಿ 1993ರಿಂದ ಜನ ದಿನಾ ಈಜುತ್ತಾರೆ. ಅಗತ್ಯ ಬಿದ್ದರೆ 72 ಗಂಟೆಯೊಳಗೆ ನೀರು ಖಾಲಿ ಮಾಡಿ 3,800 ಜನರಿಗೆ ಆಸರೆಯಾಗಿಸಬಹುದು. ದಿನಾ ಬಳಸುವ ಜಾಗವಾದ್ದರಿಂದ ಅಲ್ಲಿನ ಬಾಗಿಲು, ದೀಪ, ಗಾಳಿಯಂತ್ರ ಕೆಡದೆ ಉಳಿಯುತ್ತವೆ. ನಾನು ಓದಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡು ಕಂಡಿಲ್ಲ.

ಮನುಷ್ಯರು ಬಿಟ್ಟುಹೋದ ಕಡೆ ಬೇರೆ ಜೀವಗಳು ಬಂದವು. ಪೋಲೆಂಡಿನ ಪಶ್ಚಿಮದಲ್ಲಿ ಜರ್ಮನರು 1930ರ ದಶಕದಲ್ಲಿ ಕೊರೆದ ಸುರಂಗಗಳು ಸುಮಾರು 30 ಕಿಲೋಮೀಟರ್ ಉದ್ದ. ಹೊರಗೆ ಹಿಮ ಬಿದ್ದರೂ ಒಳಗೆ ತೇವ, ಕತ್ತಲೆ, ಹೆಚ್ಚೂಕಡಿಮೆ ಒಂದೇ ಮಟ್ಟದ ತಂಪು. ಚಳಿಗಾಲದ ನಿದ್ದೆಗೆ ಬಾವಲಿಗಳಿಗೆ ಬೇಕಾದದ್ದು ಅದೇ. ನಿಯೆಟೊಪೆರೆಕ್ ಎಂಬ ಆ ರಕ್ಷಿತ ಜಾಗದಲ್ಲಿ ಚಳಿಗಾಲಕ್ಕೆ 30,000ಕ್ಕೂ ಹೆಚ್ಚು ಬಾವಲಿಗಳು ಸೇರುತ್ತವೆ.

ಅದೇ ಸೀಮೆಯ ಟೆಂಪ್ಲೆವೊ ಕಾಡಿನಲ್ಲಿ ಸೋವಿಯತ್ ಸೇನೆ ಅಣ್ವಸ್ತ್ರ ಇಡಲು ಕಟ್ಟಿದ್ದ ಬಂಕರ್ ಇದೆ. 2013ರಲ್ಲಿ ಬಾವಲಿ ಎಣಿಸಲು ಹೋದವರಿಗೆ ಒಂದು ಸಣ್ಣ ಕೋಣೆಯ ನೆಲದ ಮೇಲೆ ಇರುವೆಗಳ ದಿಬ್ಬ ಕಂಡಿತು. ಕಾಡಿರುವೆಗಳ ದೊಡ್ಡ ಗೂಡು ಮೇಲೆ, ಗಾಳಿ ಕೊಳವೆಯ ಬಾಯಿಯ ಮೇಲೇ ಇತ್ತು. ಕೊಳವೆಯ ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು. ಇರುವೆಗಳು ಒಂದೊಂದೇ ಕೆಳಗೆ ಬೀಳುತ್ತಿದ್ದವು. ಗೋಡೆ ಹತ್ತಲು ಅವುಗಳಿಗೆ ಬರುತ್ತಿತ್ತು, ಛಾವಣಿಗೆ ತಲೆಕೆಳಗಾಗಿ ಅಂಟಿ ನಡೆದು ಕೊಳವೆ ಮುಟ್ಟಲು ಆಗುತ್ತಿರಲಿಲ್ಲ. ಅಲ್ಲಿ ರಾಣಿ ಇಲ್ಲ, ಮರಿ ಇಲ್ಲ, ಬೆಳಕಿಲ್ಲ, ಮೇವಿಲ್ಲ. ಆದರೂ ದಿಬ್ಬ ಕಟ್ಟಿಕೊಂಡು ಇದ್ದವು. ಹೊಟ್ಟೆಗೆ ಏನು? ಬಿದ್ದಿದ್ದ ಹೆಣಗಳಲ್ಲಿ 150 ಆರಿಸಿ ನೋಡಿದಾಗ ಶೇಕಡಾ 93ರ ಹೊಟ್ಟೆಯ ಮೇಲೆ ಕಚ್ಚಿದ ಗುರುತು ಸಿಕ್ಕಿತು. ಸತ್ತ ಜೊತೆಗಾರರನ್ನೇ ತಿಂದು ಬದುಕಿದ್ದವು.

ವಿಜ್ಞಾನಿಗಳು ಮೊದಲು ಸುಮಾರು ನೂರು ಇರುವೆಗಳನ್ನು ಮೇಲೆ ತಂದು ಗೂಡಿನ ಮೇಲೆ ಬಿಟ್ಟರು. ಗೂಡಿನವು ಇವನ್ನು ಪರಕೀಯ ಅಂತ ಕಚ್ಚಲಿಲ್ಲ. ಆಮೇಲೆ, 2016ರಲ್ಲಿ, ಕೆಳಗಿನ ದಿಬ್ಬದಿಂದ ಕೊಳವೆಯ ಬಾಯಿಯವರೆಗೆ ಮೂರು ಮೀಟರಿನ ಒಂದು ಮರದ ಹಲಗೆ ನಿಲ್ಲಿಸಿದರು. ಮಾರನೇ ವರ್ಷ ಹೋಗಿ ನೋಡಿದಾಗ ಕೋಣೆ ಹೆಚ್ಚೂಕಡಿಮೆ ಖಾಲಿಯಾಗಿತ್ತು. ಕೊಳವೆಯಿಂದ ಇರುವೆಗಳು ಈಗಲೂ ಆಗಾಗ ಬೀಳುತ್ತಿದ್ದವು, ಬಿದ್ದವು ಹಲಗೆ ಹಿಡಿದು ಮೇಲೆ ಹೋಗುತ್ತಿದ್ದವು.