ಯಹೂದಿ ಅಧ್ಯಯನ: ಒಂದು ಪದ, ಎರಡು ಬಗೆಯ ಓದು

ಕನ್ನಡದಲ್ಲಿ ‘ಅಧ್ಯಯನ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಗುರುವಿನ ಎದುರು ಕುಳಿತು, ಸ್ವರ ತಪ್ಪದಂತೆ ವೇದವನ್ನು ಕಲಿಯುವುದು ಹಳೆಯ ಅರ್ಥ. ಒಂದು ವಿಷಯವನ್ನು ಆಧಾರಗಳ ಬಲದಿಂದ ಪರಿಶೀಲಿಸುವುದು ವಿಶ್ವವಿದ್ಯಾಲಯಗಳ ಕಾಲದ ಅರ್ಥ. ‘ಯಹೂದಿ ಅಧ್ಯಯನ’ ಎಂಬ ಪದವನ್ನು ಅರಿಯಲು ಈ ಭೇದವೇ ಒಳ್ಳೆಯ ದಾರಿ. ಯಹೂದಿಗಳಿಗೂ ತಮ್ಮ ಮೂಲ ಧರ್ಮಗ್ರಂಥವಾದ ತೋರಾದ ಓದು ದೇವರು ವಿಧಿಸಿದ ಕರ್ತವ್ಯ. ಯೆಶಿವಾ ಎಂಬ ಪಾಠಶಾಲೆಗಳಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕುಳಿತು, ಧರ್ಮವಿಧಿಗಳ ಚರ್ಚೆಗಳನ್ನೊಳಗೊಂಡ ತಾಲ್ಮೂಡ್ ಗ್ರಂಥದ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಅದರ ಮೇಲೆ ವಾದಿಸುತ್ತಾರೆ. ಆ ಓದು ಇಂದಿಗೂ ಜೀವಂತವಾಗಿದೆ. ಆದರೆ ‘ಯಹೂದಿ ಅಧ್ಯಯನ’ ಎಂದಾಗ ವಿದ್ವಾಂಸರ ಮನಸ್ಸಿನಲ್ಲಿರುವುದು ಬೇರೊಂದು: ಯಹೂದಿಗಳ ಇತಿಹಾಸ, ಧರ್ಮ, ಭಾಷೆ, ಸಾಹಿತ್ಯ ಮತ್ತು ಬದುಕನ್ನು, ಓದುವವನ ನಂಬಿಕೆ ಯಾವುದೇ ಇರಲಿ, ಎಲ್ಲರಿಗೂ ಒಪ್ಪಿತವಾದ ಸಂಶೋಧನಾ ವಿಧಾನಗಳಿಂದ ತಿಳಿಯುವ ಶಿಸ್ತು.

ಈ ಶಿಸ್ತಿನ ಮೊದಲ ಹೆಸರು ಜರ್ಮನ್ ಭಾಷೆಯದು: ‘ವಿಸ್ಸೆನ್‌ಶಾಫ್ಟ್ ಡೆಸ್ ಯೂಡೆನ್‌ಟುಮ್ಸ್’. ‘ವಿಸ್ಸೆನ್‌ಶಾಫ್ಟ್’ ಎಂಬುದನ್ನು ‘ವಿಜ್ಞಾನ’ ಎಂದುಬಿಟ್ಟರೆ ಪ್ರಯೋಗಶಾಲೆ ನೆನಪಾಗುತ್ತದೆ; ‘ಶಾಸ್ತ್ರ’ ಎಂದರೆ ಹೆಚ್ಚು ಹೊಂದುತ್ತದೆ. ಹಾಗಾದರೆ ಇಡೀ ಹೆಸರಿನ ಅರ್ಥ ‘ಯಹೂದಿ ಧರ್ಮದ ಶಾಸ್ತ್ರ’. 1819ರಲ್ಲಿ, ಜರ್ಮನಿಯ ಹಲವು ಊರುಗಳಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದ ಅದೇ ವರ್ಷ, ಬರ್ಲಿನ್ನಿನ ಕೆಲವು ಯುವಕರು ಸೇರಿ ಯಹೂದಿ ಸಂಸ್ಕೃತಿ ಮತ್ತು ಶಾಸ್ತ್ರಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಲಿಯೊಪೋಲ್ಡ್ ಜುಂಟ್ಸ್ ಮತ್ತು ಎಡುವಾರ್ಡ್ ಗಾನ್ಸ್ ಅವರಲ್ಲಿ ಪ್ರಮುಖರು. ಕವಿ ಹೈನೆ ಮುಂದೆ ಬಂದು ಸೇರಿದರು. ಸಂಘ ಕೆಲವೇ ವರ್ಷ ಬಾಳಿತು. ಯಹೂದಿಯಾಗಿದ್ದುಕೊಂಡು, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯಾ ರಾಜ್ಯದಲ್ಲಿ ಪ್ರಾಧ್ಯಾಪಕನಾಗಲು ಸಾಧ್ಯವಿಲ್ಲದ ಕಾರಣ ಗಾನ್ಸ್ 1825ರಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಜುಂಟ್ಸ್ ಪಡೆಯಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಜುಂಟ್ಸ್ ಅವರ ಕೆಲಸದ ಬಗೆಯನ್ನು ನೋಡಿದರೆ ಈ ಪದದ ಒಳಗಿನ ಒತ್ತಡ ಅರಿವಾಗುತ್ತದೆ. ಯಹೂದಿಗಳು ಕ್ರೈಸ್ತ ಹೆಸರುಗಳನ್ನು ಇಟ್ಟುಕೊಳ್ಳಬಾರದೆಂದು 1836ರಲ್ಲಿ ಪ್ರಷ್ಯಾ ಸರ್ಕಾರ ಆಜ್ಞೆ ಹೊರಡಿಸಿದಾಗ, ಅವರು ಮನವಿಪತ್ರ ಬರೆಯುವ ಬದಲು ಯಹೂದಿ ಹೆಸರುಗಳ ಇತಿಹಾಸವನ್ನೇ ಬರೆದರು. ತಾವು ನೆಲೆಸಿದ ನಾಡಿನ ಹೆಸರುಗಳನ್ನು ಯಹೂದಿಗಳು ಪ್ರಾಚೀನ ಕಾಲದಿಂದಲೂ ಇಟ್ಟುಕೊಳ್ಳುತ್ತ ಬಂದಿದ್ದಾರೆಂಬುದನ್ನು ಆಧಾರಸಹಿತವಾಗಿ ತೋರಿಸಿದರು. ಪಾಂಡಿತ್ಯವೇ ಅಲ್ಲಿ ನಾಗರಿಕ ಹಕ್ಕಿನ ವಾದವಾಯಿತು. ಇಷ್ಟಾದರೂ, 1848ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೊಂದು ಪೀಠ ಬೇಕೆಂದು ಅವರು ಸಲ್ಲಿಸಿದ ಕೋರಿಕೆಯನ್ನು ತಿರಸ್ಕರಿಸಲಾಯಿತು. ಇದು ನನಗೆ ಈ ಇತಿಹಾಸದ ಅತ್ಯಂತ ನೋವಿನ ಘಟ್ಟಗಳಲ್ಲೊಂದಾಗಿ ಕಾಣುತ್ತದೆ.

ಹಾಗಾಗಿ ಈ ಶಾಸ್ತ್ರ ಬಹುಕಾಲ ವಿಶ್ವವಿದ್ಯಾಲಯದ ಹೊರಗೇ ಬೆಳೆಯಿತು: 1854ರಲ್ಲಿ ಬ್ರೆಸ್ಲಾವಿನಲ್ಲಿ (ಇಂದಿನ ಪೋಲೆಂಡಿನ ವ್ರೊಟ್ಸ್‌ವಾಫ್), 1872ರಲ್ಲಿ ಬರ್ಲಿನ್ನಿನಲ್ಲಿ ಯಹೂದಿಗಳೇ ವಿದ್ಯಾಲಯಗಳನ್ನು ತೆರೆದರು. ಬರ್ಲಿನ್ನಿನ ವಿದ್ಯಾಲಯದ ಉಪನ್ಯಾಸಗಳಿಗೆ 1923ರಲ್ಲಿ ಸಾಹಿತಿ ಫ್ರಾಂಜ್ ಕಾಫ್ಕಾ ಹೋಗುತ್ತಿದ್ದರು. 1942ರಲ್ಲಿ ನಾಜಿ ಆಡಳಿತ ಅದನ್ನು ಮುಚ್ಚಿಸಿತು. ಅಷ್ಟರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿಯೂ ಅಮೆರಿಕದ ಹಾರ್ವರ್ಡ್ ಮತ್ತು ಕೊಲಂಬಿಯಾಗಳಲ್ಲಿಯೂ ಇದಕ್ಕೆ ನೆಲೆ ದೊರಕಿತ್ತು. ಕೊಲಂಬಿಯಾದಲ್ಲಿ ಪಾಠ ಹೇಳಿದ ಸಾಲೊ ಬ್ಯಾರನ್, ಯಹೂದಿ ಇತಿಹಾಸವನ್ನು ಬರಿಯ ಕಣ್ಣೀರಿನ ಕಥೆಯಾಗಿ ಬರೆಯುವ ರೂಢಿಯನ್ನು 1928ರಲ್ಲೇ ಪ್ರಶ್ನಿಸಿದ್ದರು. ಹಿಂಸೆಯನ್ನು ಅವರು ಅಲ್ಲಗಳೆಯಲಿಲ್ಲ. ಹಿಂಸೆಗಳ ನಡುವಿನ ಶತಮಾನಗಳಲ್ಲಿ ಜನ ವ್ಯಾಪಾರ ಮಾಡಿದರು, ಮದುವೆಯಾದರು, ಕಾವ್ಯ ಬರೆದರು, ನೆರೆಯವರೊಡನೆ ಬಾಳಿದರು, ಅದೂ ಇತಿಹಾಸವೇ ಎಂಬುದು ಅವರ ನಿಲುವಾಗಿತ್ತು.

ಆ ಬದುಕಿನ ಅತಿ ದೊಡ್ಡ ದಾಖಲೆ ದೊರೆತದ್ದು ಈಜಿಪ್ಟಿನಲ್ಲಿ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬ ನಿಯಮದಿಂದಾಗಿ ಹಳೆಯ ಕಾಗದಗಳನ್ನು ಕೂಡಿಡುವ ಕೋಣೆಗೆ ‘ಗೆನಿಜಾ’ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರ) ಗೆನಿಜಾದಿಂದ ವಿದ್ವಾಂಸ ಸಾಲಮನ್ ಶೆಕ್ಟರ್ 1896–97ರಲ್ಲಿ ಲಕ್ಷಕ್ಕೂ ಮಿಕ್ಕಿದ ಹಸ್ತಪ್ರತಿ ತುಣುಕುಗಳನ್ನು ಕೇಂಬ್ರಿಜ್‌ಗೆ ತಂದರು. ಅದರಲ್ಲಿ ಪ್ರಾರ್ಥನೆಗಳಷ್ಟೇ ಅಲ್ಲದೆ ಸಾಲಪತ್ರ, ಲೆಕ್ಕದ ಚೀಟಿ, ಮನೆಯ ಪತ್ರಗಳೂ ಇದ್ದವು. ಬಹಳಷ್ಟು ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವ ಕರಾವಳಿಯವರಿಗೆ ಇದು ಬೆರಗಿನ ಸಂಗತಿಯಾಗಲಾರದು. ಇವನ್ನು ಓದಬೇಕಾದರೆ ಧರ್ಮಗ್ರಂಥದ ಪಾಂಡಿತ್ಯ ಸಾಲದು. ಅರಬ್ಬಿ, ಕಡಲ ವ್ಯಾಪಾರ, ನಾಣ್ಯ, ಕಾನೂನು ಎಲ್ಲವೂ ಗೊತ್ತಿರಬೇಕು. ಈ ಶಿಸ್ತು ಒಂದೇ ವಿಭಾಗದ ಗೋಡೆಯೊಳಗೆ ನಿಲ್ಲದಿರುವುದು ಇದರಿಂದಲೇ.

ಶೆಲೊಮೊ ಗೊಯ್ಟೈನ್ ಎಂಬ ವಿದ್ವಾಂಸರು ದಶಕಗಳ ಕಾಲ ಈ ತುಣುಕುಗಳನ್ನು ಜೋಡಿಸುತ್ತ ಹೋದಾಗ ಭಾರತದೊಡನೆ ವ್ಯಾಪಾರ ನಡೆಸಿದವರ ಪತ್ರಗಳು ಒಂದು ಕಂತೆಯಾಗುವಷ್ಟು ಸಿಕ್ಕವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬಾತನವೂ ಇವೆ. ಟ್ಯುನೀಸಿಯಾ ಮೂಲದ ಈ ಯಹೂದಿ ವರ್ತಕ 12ನೆಯ ಶತಮಾನದಲ್ಲಿ ಹಲವು ವರ್ಷ ನಮ್ಮ ಮಂಗಳೂರಿನಲ್ಲಿದ್ದ. 1132ರಲ್ಲಿ ಅಲ್ಲಿಯೇ ಆಶು ಎಂಬ ಹೆಣ್ಣಿಗೆ ದಾಸ್ಯದಿಂದ ಬಿಡುಗಡೆಯ ಪತ್ರ ಬರೆದುಕೊಟ್ಟ. ಅರೇಬಿಯಾದ ಬಂದರು ಏಡನ್ನಿನ ವರ್ತಕರು ಆತನಿಗೆ ಬರೆದ ಓಲೆಗಳಲ್ಲಿ, ಅವನ ಪರವಾಗಿ ಸರಕು ಸಾಗಿಸುತ್ತಿದ್ದ ಊರಿನ ಆಳಿನ ಹೆಸರೂ ಬರುತ್ತದೆ. ಹೀಬ್ರೂ ಅಕ್ಷರಗಳಲ್ಲಿ ಸ್ವರಗಳನ್ನು ಪೂರ್ತಿ ಬರೆಯದ ಕಾರಣ ಆ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ವಿದ್ವಾಂಸರು ಚರ್ಚಿಸಬೇಕಾಯಿತು. ಅವರಲ್ಲಿ ಕೆಲವರು ಓದಿದ್ದು ‘ಬೊಮ್ಮ’ ಎಂದು.