ಪದ ಪರಿಚಯ: ಕಂಟೇನರ್

ಚಿತ್ರದುರ್ಗ, ದಾವಣಗೆರೆಗಳನ್ನು ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಿಂಬದಿ ಪೂರ್ತಿ ಮುಚ್ಚಿದ ದೊಡ್ಡ ಲಾರಿ ಕಂಡರೆ ಈ ಭಾಗದ ಜನ ಅದನ್ನು ‘ಕಂಟೇನರ್’ ಎನ್ನುತ್ತಾರೆ. ಪತ್ರಿಕೆಗಳೂ ‘ಕಂಟೇನರ್ ಪಲ್ಟಿ’ ಎಂದೇ ಬರೆಯುತ್ತವೆ. ರೂಢಿಯ ಮಾತಾಗಿ ಇದು ತಪ್ಪಲ್ಲ. ಆದರೆ ಸರಕು ಸಾಗಣೆಯ ವ್ಯವಹಾರದಲ್ಲಿ ಕಂಟೇನರ್ ಎಂದರೆ ಲಾರಿಯಲ್ಲ, ಒಳಗಿನ ಮಾಲನ್ನು ಮುಟ್ಟದೆ ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಇಡಿಯಾಗಿ ಎತ್ತಿಡಬಹುದಾದ ಉಕ್ಕಿನ ಪೆಟ್ಟಿಗೆ. ಲಾರಿಯ ಚಾಸಿಗೆ, ಅಂದರೆ ತಳದ ಚೌಕಟ್ಟಿಗೆ, ಕಾಯಂ ಆಗಿ ಕೂರಿಸಿದ ಮುಚ್ಚಿದ ಡಬ್ಬಕ್ಕೆ ಈ ಗುಣವಿಲ್ಲ.

ವ್ಯತ್ಯಾಸ ತಿಳಿಯಬೇಕಾದರೆ ಮೂಲೆಗಳನ್ನು ನೋಡಬೇಕು. ಹಡಗಿನ ಕಂಟೇನರಿನ ಎಂಟೂ ಮೂಲೆಗಳಲ್ಲಿ ಉದ್ದುದ್ದ ತೂತುಗಳಿರುವ ಎರಕದ ಉಕ್ಕಿನ ಗಟ್ಟಿ ತುಂಡುಗಳಿರುತ್ತವೆ. ಕ್ರೇನು ಮೇಲಿನ ನಾಲ್ಕು ತೂತುಗಳಿಗೆ ಕೊಂಡಿ ಸಿಕ್ಕಿಸಿ ಪೆಟ್ಟಿಗೆಯನ್ನು ಎತ್ತುತ್ತದೆ. ಟ್ರೇಲರಿನ ಮೇಲೆ ಇಳಿಸಿದಾಗ ಕೆಳಗಿನ ತೂತುಗಳೊಳಗೆ ತಿರುಗಿಸುವ ಬೀಗಗಳು ಕೂತು ಅದು ಅಲುಗದಂತೆ ಹಿಡಿಯುತ್ತವೆ. ಬಾಗಿಲ ಮೇಲೆ ನಾಲ್ಕು ಅಕ್ಷರ ಮತ್ತು ಏಳು ಅಂಕಿಗಳ ಗುರುತು ಇರುತ್ತದೆ. ಮೊದಲ ಮೂರು ಅಕ್ಷರಗಳು ಒಡೆತನವನ್ನು ಸೂಚಿಸಿದರೆ, ಕೊನೆಯ ಅಂಕಿ ಉಳಿದ ಗುರುತು ಸರಿಯಾಗಿ ಬರೆದಿದೆಯೇ ಎಂದು ತಾಳೆ ನೋಡುವುದಕ್ಕೆ ಇರುವಂಥದ್ದು.

ಅಗಲ 8 ಅಡಿ, ಉದ್ದ ಹೆಚ್ಚಾಗಿ 20 ಅಥವಾ 40 ಅಡಿ. ಬಂದರು, ಹಡಗುಗಳ ಸಾಮರ್ಥ್ಯವನ್ನು 20 ಅಡಿಯ ಪೆಟ್ಟಿಗೆಯ ಲೆಕ್ಕದಲ್ಲಿ, ‘ಟಿಇಯು’ ಎಂಬ ಮಾನದಿಂದ ಹೇಳುತ್ತಾರೆ. 40 ಅಡಿಯದು ಎರಡು ಟಿಇಯು.

ದಾವಣಗೆರೆಯ ಮಾರುಕಟ್ಟೆಯಲ್ಲಿ ಹಮಾಲರು ಮೆಕ್ಕೆಜೋಳದ ಚೀಲಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಲಾರಿ ತುಂಬುವುದನ್ನು ಕಂಡವರಿಗೆ ಈ ಪೆಟ್ಟಿಗೆಯ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಬಂದರುಗಳಲ್ಲಿಯೂ ಬಿಡಿ ಸರಕನ್ನು ಹೀಗೆಯೇ ಏರಿಸಿ ಇಳಿಸಬೇಕಿತ್ತು, ಹಡಗು ದಿನಗಟ್ಟಲೆ ದಡದಲ್ಲೇ ನಿಲ್ಲುತ್ತಿತ್ತು. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ ಮೇಲೆ ಈ ಪದ್ಧತಿ ಬೆಳೆಯಿತು.

ಹೆದ್ದಾರಿ ಕಾಮಗಾರಿಯ ಬಳಿ ಸೈಟ್ ಆಫೀಸ್ ಆಗಿ ನಿಲ್ಲಿಸಿದ ಪೆಟ್ಟಿಗೆಗೂ, ಅಡುಗೆಮನೆಯ ಮುಚ್ಚಳದ ಡಬ್ಬಿಗೂ ಇದೇ ಹೆಸರಿದೆ. ಅಲ್ಲಿ ಸಂದರ್ಭವೇ ಅರ್ಥ ತಿಳಿಸುತ್ತದೆ. ಬಾಡಿಗೆಯ ಮಾತುಕತೆಯಲ್ಲಿ ಮಾತ್ರ ಎಚ್ಚರ ಬೇಕು. ಬೆಂಗಳೂರಿಗೆ ಮಾಲು ಕಳಿಸುವವರು ‘ಕಂಟೇನರ್ ಲಾರಿ’ ಎಂದರೆ ಸಾಕು, ಹೊರದೇಶಕ್ಕೆ ಕಳಿಸುವವರು ‘20 ಅಡಿಯ ಹಡಗಿನ ಕಂಟೇನರ್’ ಎಂದು ಅಳತೆಯ ಸಮೇತ ಹೇಳುವುದು ಒಳ್ಳೆಯದು.