ಬೇಳೆ ಬೇಯದ ನೀರು: ಕೋಲಾರದ ಬಡಾವಣೆಗಳಿಗೆ ಗಡಸು ಬಂದ ದಾರಿ

ಕೋಲಾರ ನಗರದ ಅಂಚಿನಲ್ಲಿ, ಹಿಂದೆ ರಾಗಿ ಹೊಲಗಳಿದ್ದ ಕಡೆ ಎದ್ದ ಬಡಾವಣೆಗಳಿಗೆ ಹೊಸದಾಗಿ ಬಂದವರಿಗೆ ನೀರಿನ ಗುಣ ಮೊದಲು ತಿಳಿಯುವುದು ಅಡುಗೆಮನೆಯಲ್ಲಿ. ಕುಕ್ಕರು ಐದಾರು ಸಲ ಕೂಗಿದರೂ ತೊಗರಿಬೇಳೆ ಕರಗದೆ ಉಳಿದರೆ ಬೇಳೆ ಹಳೆಯದೆಂದು ಅಂಗಡಿಯವನನ್ನು ದೂರುತ್ತಾರೆ. ಅಂಗಡಿ ಬದಲಿಸಿದ ಮೇಲೂ ಸಾರು ಹಾಗೆಯೇ ತಿಳಿಯಾಗಿ, ಬೇಳೆ ತಳದಲ್ಲಿಯೇ ನಿಂತಾಗ ಅನುಮಾನ ನಲ್ಲಿಯ ಕಡೆಗೆ ತಿರುಗುತ್ತದೆ. ನಮ್ಮ ಮನೆಯಲ್ಲೂ ಎರಡು ಅಂಗಡಿ ಬದಲಾದ ಮೇಲೆಯೇ ಇದು ಹೊಳೆದದ್ದು.

ಇಲ್ಲಿನ ಜನ ಇದನ್ನು 'ಉಪ್ಪುನೀರು' ಎನ್ನುತ್ತಾರೆ. ಆದರೆ ಇದರ ಮುಖ್ಯ ತೊಂದರೆ ಅಡುಗೆ ಉಪ್ಪಿನದಲ್ಲ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳದು; ಇವು ಹೆಚ್ಚಿರುವ ನೀರೇ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೇಳೆಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟು ಸಾಮಾನ್ಯ ನೀರಿನಲ್ಲಿ ಬೆಂದು ಸಡಿಲಾಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅದಕ್ಕೆ ಸೇರಿಕೊಂಡು ಇನ್ನಷ್ಟು ಬಿಗಿಮಾಡುತ್ತದೆ. ಹಿರಿಯರು ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದುದು ಈ ಬಿಗಿಯನ್ನು ಬಿಡಿಸಲೆಂದೇ.

ಈ ನೀರು ಮೊದಲಿನಿಂದಲೂ ಹೀಗೆಯೇ ಇತ್ತೆಂದು ಭಾವಿಸುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆ ಬದುಕಿದ್ದು ಕೆರೆಗಳ ಸರಪಣಿಯ ಮೇಲೆ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುತ್ತಿತ್ತು, ನೀರುಗಂಟಿ ತೂಬು ತೆಗೆದು ಗದ್ದೆಗೆ ನೀರು ಹಂಚುತ್ತಿದ್ದ, ಕೆರೆಯಿಂದ ಬಸಿದ ನೀರು ಸುತ್ತಲಿನ ತೆರೆದ ಬಾವಿಗಳಿಗೆ ಊಟೆಯಾಗಿ ಬರುತ್ತಿತ್ತು. ಬಾವಿಯ ನೀರು ಮೇಲ್ಪದರದ ಸಡಿಲ ಮಣ್ಣಿನದು. ಒಳ್ಳೆಯ ಮಳೆಯಾದ ವರ್ಷವೆಲ್ಲ ಹೊಸದಾಗುತ್ತಿದ್ದುದರಿಂದ ಕಲ್ಲಿನ ಲವಣವನ್ನು ಕರಗಿಸಿಕೊಳ್ಳಲು ಅದಕ್ಕೆ ಹೆಚ್ಚು ಕಾಲ ಸಿಗುತ್ತಿರಲಿಲ್ಲ. ಆಗಲೂ ಕೆಲವು ಬಾವಿಗಳು ಸಪ್ಪೆ, ಕೆಲವು ಸಿಹಿ ಎಂಬ ಭೇದವಿತ್ತು, ಕುಡಿಯುವ ನೀರಿಗೆ ಹೆಂಗಸರು ದೂರದ ಸಿಹಿನೀರಿನ ಬಾವಿಗೇ ಹೋಗುತ್ತಿದ್ದರು.

ಕೊಳವೆಬಾವಿ ಬಂದ ಮೇಲೆ ಕೆರೆಯನ್ನು ಕಾಯುವ ಅಗತ್ಯ ಕಡಿಮೆಯಾಯಿತು. ಹೂಳು ತುಂಬಿತು, ರಾಜಕಾಲುವೆಗಳು ಮುಚ್ಚಿದವು, ತೆರೆದ ಬಾವಿಗಳು ಬತ್ತಿದವು, ಪಂಪುಗಳು ಮಾತ್ರ ಕೆಳಕ್ಕೆ ಇಳಿಯುತ್ತ ಹೋದವು. ಇಂದು 1,000 ಅಡಿ ದಾಟಿ ಕೊರೆಸುವುದು ಇಲ್ಲಿ ಯಾರಿಗೂ ಅಚ್ಚರಿಯ ಸುದ್ದಿಯಲ್ಲ. ಆ ಆಳದಲ್ಲಿರುವುದು ಗಟ್ಟಿ ಬಂಡೆ, ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಮಳೆಹನಿ ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಅದು ಕಲ್ಲಿನ ಜೊತೆ ಎಷ್ಟು ಹೆಚ್ಚು ಕಾಲ ಇರುತ್ತದೋ ಸಾಮಾನ್ಯವಾಗಿ ಅಷ್ಟು ಹೆಚ್ಚು ಲವಣ ಹೊತ್ತು ಬರುತ್ತದೆ. ಹಾಗಾಗಿ ನಾವು ಗಡಸು ನೀರಿನ ಊರಿಗೆ ಬಂದು ನೆಲೆಸಿದ್ದೇವೆ ಎನ್ನುವುದಕ್ಕಿಂತ, ಗಡಸು ನೀರು ಇರುವ ಆಳಕ್ಕೆ ಇಳಿದಿದ್ದೇವೆ ಎನ್ನುವುದು ಹೆಚ್ಚು ಸರಿ. ನಿವೇಶನ ಮಾರುವವರು ತೋರಿಸುವುದು ಓವರ್‌ಹೆಡ್ ಟ್ಯಾಂಕನ್ನು. ಅದಕ್ಕೆ ಏರುವ ನೀರಿನ ಪರೀಕ್ಷಾ ವರದಿಯನ್ನು ಕೇಳಿ ಪಡೆದವರನ್ನು ನಾನು ಕಂಡಿಲ್ಲ.

ಮನೆಯೊಳಗಿನ ವೆಚ್ಚ ಸದ್ದಿಲ್ಲದೆ ಏರುವಂಥದ್ದು. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ 10 ಲೀಟರಿನ ಒಂದು ಬಕೆಟ್ ನೀರು, ನೊರೆ ಏಳುವ ಮೊದಲೇ, ರಸಾಯನಶಾಸ್ತ್ರದ ಲೆಕ್ಕದಂತೆ ಸುಮಾರು 24 ಗ್ರಾಂ ಸೋಪನ್ನು ನುಂಗಿ ಬೂದು ಬಣ್ಣದ ಜಿಗುಟಾಗಿ ಮಾರ್ಪಡಿಸಬಲ್ಲದು. ಬಿಳಿ ಬಟ್ಟೆ ಮಂಕಾಗುವುದೂ, ತಲೆಕೂದಲು ತೊಳೆದಷ್ಟೂ ಒರಟೆನಿಸುವುದೂ ಈ ಜಿಗುಟಿನಿಂದಲೇ. ಸೀಗೆಕಾಯಿಯ ನೊರೆಗೆ ಈ ಕಾಟವಿಲ್ಲ, ಏಕೆಂದರೆ ಅದರಲ್ಲಿ ನೊರೆ ಕೊಡುವ ಸಪೋನಿನ್ ಎಂಬ ಅಂಶ ಕ್ಯಾಲ್ಸಿಯಂ ಜೊತೆ ಸೋಪಿನಂತೆ ಜಿಗುಟು ಕಟ್ಟುವುದಿಲ್ಲ. ಸೀಗೆಕಾಯಿಯೇ ಬೇಕೆಂಬ ಅಜ್ಜಿಯಂದಿರ ಹಟಕ್ಕೆ ಒಂದು ಕಾರಣ ಇಲ್ಲಿದೆ.

ಗೀಸರಿನಲ್ಲಿ ನಡೆಯುವುದು ಬೇರೆ. ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕಾದಾಗ ಸುಣ್ಣವಾಗಿ ಕಾಯಿಲ್ ಮೇಲೆ ಕೂರುತ್ತದೆ, ಸುಣ್ಣ ಶಾಖವನ್ನು ತಡೆಯುತ್ತದೆ, ವಿದ್ಯುತ್ತು ಹೆಚ್ಚು ಉರಿದು ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಹಳೆಯ ತಾಮ್ರದ ಹಂಡೆಯಲ್ಲೂ ಸುಣ್ಣ ಕಟ್ಟುತ್ತಿತ್ತು, ಆದರೆ ಹುಣಸೆಹಣ್ಣು ಹಾಕಿ ತಿಕ್ಕಲು ಅದರೊಳಗೆ ಕೈ ಹೋಗುತ್ತಿತ್ತು.

ಮೂತ್ರಪಿಂಡದ ಕಲ್ಲಿಗೆ ಈ ನೀರೇ ಕಾರಣವೆಂಬ ಮಾತು ಇಲ್ಲಿ ಬಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಸೂಚಿಸಿಲ್ಲ. ಆರೋಗ್ಯದ ದೃಷ್ಟಿಯಿಂದ ನಿಜವಾಗಿ ಹೆದರಬೇಕಾದದ್ದು ಫ್ಲೋರೈಡಿಗೆ, ಅದಕ್ಕೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗಡಿಯಿದೆ. ಬಾಯಿಗೆ ಗೊತ್ತಾಗದ, ಬೇಳೆಗೂ ತೊಂದರೆ ಕೊಡದ ಫ್ಲೋರೈಡು ಪರೀಕ್ಷೆಯಿಲ್ಲದೆ ತಿಳಿಯುವುದೇ ಇಲ್ಲ.

ಪರಿಹಾರವೆಂದು ಮನೆಗೆ ತಂದ ಯಂತ್ರಗಳು ಗಡಸನ್ನು ಕಳೆಯುವುದಿಲ್ಲ, ಜಾಗ ಬದಲಿಸುತ್ತವೆ. ಸಾಫ್ಟನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪುನೀರಿನಿಂದ ತೊಳೆದಾಗ ಹಿಡಿದದ್ದೆಲ್ಲ ಚರಂಡಿಗೆ ಹೋಗುತ್ತದೆ. ಆರ್‌ಒ ಯಂತ್ರ ಶುದ್ಧ ಮಾಡಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುವುದೇ ಸಾಮಾನ್ಯ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಅದು ಇಂಗುಗುಂಡಿಯ ಮೂಲಕ ಮತ್ತೆ ಅದೇ ನೆಲಕ್ಕೆ ಸೇರುತ್ತದೆ.

2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯತೊಡಗಿತು. ಆದರೆ ಅದಕ್ಕೆ ಕೊಡುವ ಎರಡನೇ ಹಂತದ ಸಂಸ್ಕರಣೆ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆ ಕಳೆಯುವ ಕ್ರಮ, ಕರಗಿದ ಲವಣವನ್ನು ತೆಗೆಯುವುದಿಲ್ಲವಾದ್ದರಿಂದ, ಅಂತರ್ಜಲದ ಮಟ್ಟ ಏರಿತೆಂದ ಮಾತ್ರಕ್ಕೆ ಗಡಸು ಇಳಿಯಿತೆನ್ನಲಾಗದು. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟೆ 2023ರಲ್ಲಿ ಉದ್ಘಾಟನೆಯಾಗಿ ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಮೇಲ್ಮೈ ನೀರಿನ ದಾರಿ ತೆರೆಯಿತು. ಇನ್ನು ತಾರಸಿಯ ಮಳೆ: 1,000 ಚದರಡಿ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65,000 ಲೀಟರ್, ಅದೂ ಗಡಸು ಹೆಚ್ಚುಕಡಿಮೆ ಇಲ್ಲದ್ದು. ಅದರಲ್ಲಿ ಒಂದು ಪಾಲನ್ನಷ್ಟೇ ಹಿಡಿದಿಟ್ಟರೂ ವರ್ಷದ ಬೇಳೆ ಬೇಯುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ತೊಟ್ಟಿ ಕಟ್ಟಿಸಿದ್ದಾರೆ, ಮಳೆಗಾಲದಲ್ಲಿ ಅವರ ಮನೆಗೆ ಬಿಂದಿಗೆ ಹಿಡಿದು ಹೋಗುವವರಲ್ಲಿ ನಾವೂ ಇದ್ದೇವೆ.